ಹತ್ತು ದಿನ ಬರೀ ಬೀಥೋವನ್: ಕಂಡಕ್ಟಿಂಗ್ ಕೋರ್ಸ್‌ಗೆ ಹೋಗಲಾ, ಬೇಡವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನವನು, ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತೆ, ಕಾಲೇಜಿನ ಹೊತ್ತಿಗೆ ಪಾಶ್ಚಾತ್ಯ ಪದ್ಧತಿಗೆ ಬಂದೆ. ಇಲ್ಲಿ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಎರಡನೇ ವಯಲಿನ್ ಗುಂಪಿನಲ್ಲಿ ನುಡಿಸುತ್ತೇನೆ. ಆಗಾಗ ತಂತಿವಾದ್ಯದವರ ರಿಹರ್ಸಲ್ ನಡೆಸುವ ಕೆಲಸ ನನಗೇ ಬರುತ್ತದೆ. ಈಗ ಬೇಸಿಗೆಯ ಹತ್ತು ದಿನದ ಕಂಡಕ್ಟಿಂಗ್ (ಆರ್ಕೆಸ್ಟ್ರಾ ಮುಂದೆ ನಿಂತು ಕೈಯಲ್ಲಿ ನಡೆಸುವುದು) ಕೋರ್ಸ್ ಒಂದಕ್ಕೆ ಆಯ್ಕೆಯಾಗಿದ್ದೇನೆ. ಪೂರ್ತಿ ಬೀಥೋವನ್ ಸಿಂಫನಿಗಳೇ. ಒಬ್ಬನೇ ಸಂಯೋಜಕನಿಗೆ ಇಷ್ಟು ಹಣ, ರಜೆ ಹಾಕುವುದು ಸರಿಯಾ? ಪೋಡಿಯಂ (ಕಂಡಕ್ಟರ್ ನಿಲ್ಲುವ ಕಟ್ಟೆ) ಹತ್ತುವ ಸೀಟು ತಗೊಳ್ಳಲಾ, ಕೂತು ನೋಡುವ ಸೀಟು ಸಾಕಾ? ಮೂರು ತಿಂಗಳಿದೆ, ತಯಾರಿ ಹೇಗೆ? ನನ್ನ ತಾಳದ ಅಭ್ಯಾಸ ಉಪಯೋಗಕ್ಕೆ ಬರುತ್ತದಾ, ಅಡ್ಡ ಬರುತ್ತದಾ?

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ಏನು ಕಲಿಯಲು ಹೋಗುತ್ತಿದ್ದೀರಿ ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ. ಕೈ ಬೀಸುವುದನ್ನು ಕಲಿಯಲು ಹೋಗುತ್ತೇವೆ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಕೈ ಒಂದಿಷ್ಟು ಸರಿಹೋಗುತ್ತದೆ, ನಿಜ. ಆದರೆ ಹತ್ತು ದಿನ ಒಬ್ಬನೇ ಸಂಯೋಜಕನ ಜೊತೆ ಕೂತರೆ ಸಿಗುವ ದೊಡ್ಡ ಲಾಭ ಬೇರೆ. ಆ ಮನುಷ್ಯ ಹೇಗೆ ಯೋಚಿಸುತ್ತಾನೆ ಅನ್ನುವುದು ತಲೆಗೆ ಇಳಿಯುತ್ತದೆ. ಅದು ಸ್ಕೋರ್ (ಎಲ್ಲ ವಾದ್ಯಗಳ ಸ್ವರಗಳೂ ಒಟ್ಟಿಗೆ ಇರುವ ಪುಸ್ತಕ) ಓದಿಕೊಂಡು ಹೋದವರಿಗೆ ಮಾತ್ರ ಸಿಗುವ ಲಾಭ.

ಒಬ್ಬನೇ ಸಂಯೋಜಕ ಅನ್ನುವುದು ಕೊರತೆ ಅಲ್ಲವೇ ಅಲ್ಲ. ಎಲ್ಲ ಬೆರೆಸಿದ ಕೋರ್ಸ್‌ಗಳಲ್ಲಿ ಬೆಳಿಗ್ಗೆ ಮೊಜಾರ್ಟ್, ಮಧ್ಯಾಹ್ನ ಸ್ಟ್ರಾವಿನ್ಸ್ಕಿ. ಗುರುಗಳು ಪ್ರತಿಯೊಬ್ಬರ ಮೊಣಕೈ, ಮಣಿಕಟ್ಟು ತಿದ್ದುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಒಬ್ಬನದೇ ಸಂಗೀತ ಇದ್ದಾಗ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರು ಬರುತ್ತದೆ. ಬೀಥೋವನ್‌ದು ಒಂದು ಅಭ್ಯಾಸ ಇದೆ. ದನಿ ಏರುತ್ತಾ ಏರುತ್ತಾ ಹೋಗುತ್ತದೆ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಥಟ್ಟನೆ ಮೆಲ್ಲಗಾಗುತ್ತದೆ. ಒಂದನೇ ಸಿಂಫನಿಯಲ್ಲಿ ಅದು ಬಂದಾಗ ನೀವು ಎಡವುತ್ತೀರಿ. ನಾಲ್ಕನೆಯದರಲ್ಲಿ ಬೇರೆ ಯಾರೋ ಎಡವುವುದನ್ನು ನೋಡುತ್ತೀರಿ. ಏಳನೆಯದರ ಹೊತ್ತಿಗೆ ಪುಟ ತಿರುಗಿಸುವ ಮೊದಲೇ ನಿಮಗೆ ವಾಸನೆ ಬಡಿದಿರುತ್ತದೆ. ಅಷ್ಟಾದರೆ ಕೋರ್ಸ್‌ನ ದುಡ್ಡು ವಸೂಲಾದ ಹಾಗೆಯೇ.

ಇದಕ್ಕೆ ಬೀಥೋವನ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೊದಲ ಸಿಂಫನಿ 1800ರಲ್ಲಿ ವಿಯೆನ್ನಾದಲ್ಲಿ ಕೇಳಿಬಂತು, ಒಂಬತ್ತನೆಯದು 1824ರಲ್ಲಿ. ಇಷ್ಟರೊಳಗೆ ಆರ್ಕೆಸ್ಟ್ರಾ ನಿಮ್ಮ ಕಣ್ಣೆದುರೇ ಬೆಳೆಯುತ್ತದೆ. ಮೊದಲು ಗಾಳಿವಾದ್ಯಗಳೆಲ್ಲ ಜೋಡಿ ಜೋಡಿ. ಮೂರನೆಯದಾದ ಎರೊಯಿಕಾಗೆ ಮೂರನೇ ಹಾರ್ನ್ ಬಂತು. ಐದನೆಯದರ ಕೊನೆಯ ಭಾಗಕ್ಕೆ ಪಿಕೊಲೊ, ಕಾಂಟ್ರಾಬಸೂನ್, ಮೂರು ಟ್ರೊಂಬೋನ್ ಬಂದವು. ಒಂಬತ್ತಕ್ಕೆ ಗಾಯಕರೇ ಬಂದರು. ಒಂದೊಂದು ಹೊಸ ವಾದ್ಯ ಬಂದಾಗಲೂ ಕಂಡಕ್ಟರ್‌ನ ಕೆಲಸ ಹೇಗೆ ಬದಲಾಗುತ್ತದೆ ಅನ್ನುವುದನ್ನು ಹತ್ತು ದಿನದಲ್ಲಿ ಸಾಲಾಗಿ ನೋಡಬಹುದು.

ಈಗ ಒಂದು ಲೆಕ್ಕ. ಮೂರು ಗಂಟೆಯ ಒಂದು ರಿಹರ್ಸಲ್ ಅಂದುಕೊಳ್ಳಿ. ನಡುವೆ ಅರ್ಧ ಗಂಟೆ ಬ್ರೇಕ್. ಪೋಡಿಯಂ ಹತ್ತುವವರು ಹತ್ತು ಜನ. ತಲೆಗೆ ಬಂದದ್ದು ಹದಿನೈದು ನಿಮಿಷ. ಗುರುಗಳು ನಿಲ್ಲಿಸಿ ಮಾತಾಡುವುದೂ ಅದರಲ್ಲೇ. ಕೈಯಲ್ಲಿ ಉಳಿಯುವುದು ಏಳೆಂಟು ನಿಮಿಷದ ಸಂಗೀತ. ಆ ಹೊತ್ತಿನಲ್ಲಿ ಸ್ಕೋರ್ ಓದಲು ಶುರು ಮಾಡಿದರೆ ಮುಗಿದೇ ಹೋಯಿತು. ಅದಕ್ಕೇ ನಿಮ್ಮ ಮೂರು ತಿಂಗಳು ಆ ಹತ್ತು ದಿನಕ್ಕಿಂತ ಮುಖ್ಯ.

ತಯಾರಿ ಅಂದರೆ ಎಂಥದ್ದು ಅಂತ ಹೇಳಲು ಐದನೇ ಸಿಂಫನಿಯ ಮೊದಲ ಐದು ಬಾರ್ (ಸ್ವರಲಿಪಿಯಲ್ಲಿ ಗೆರೆ ಎಳೆದು ಮಾಡಿದ ಒಂದೊಂದು ಮನೆ) ತೆಗೆದುಕೊಳ್ಳೋಣ. ಎಲ್ಲರಿಗೂ ಗೊತ್ತಿರುವ ಸ್ವರಗಳು. ಗೊತ್ತಿದೆ ಅಂತಲೇ ಜನ ಇಲ್ಲಿ ಬೀಳುತ್ತಾರೆ.

ಮೊದಲು ಯಾರು ನುಡಿಸುತ್ತಿದ್ದಾರೆ ನೋಡಿ. ಇಡೀ ಆರ್ಕೆಸ್ಟ್ರಾ ಅಂತ ಕಿವಿ ಹೇಳುತ್ತದೆ. ಸ್ಕೋರ್‌ನಲ್ಲಿ ಇರುವುದು ತಂತಿವಾದ್ಯಗಳು ಮತ್ತು ಎರಡು ಕ್ಲಾರಿನೆಟ್, ಅಷ್ಟೇ. ಟ್ರಂಪೆಟ್, ಟಿಂಪನಿ ಎಲ್ಲ ಸುಮ್ಮನೆ ಕೂತಿರುತ್ತವೆ. ಇದು ಗೊತ್ತಿಲ್ಲದ ಕಂಡಕ್ಟರ್ ಹಿಂದಿನ ಸಾಲಿನ ಕಡೆ ದೊಡ್ಡದಾಗಿ ಕೈ ಎತ್ತುತ್ತಾನೆ. ಅಲ್ಲಿಂದ ಯಾರೂ ನುಡಿಸುವುದಿಲ್ಲ.

ಎರಡನೆಯದು, ಮೊದಲ ಬಾರ್ ಶುರುವಾಗುವುದು ಸ್ವರದಿಂದ ಅಲ್ಲ, ಮೌನದಿಂದ. ಎರಡು ಕ್ವಾರ್ಟರ್‌ನ (ಎರಡು ಎಣಿಕೆಯ) ಬಾರ್‌ನಲ್ಲಿ ಮೊದಲ ಅರ್ಧ ಎಣಿಕೆ ಖಾಲಿ. ಆಮೇಲೆ ಮೂರು ಸ್ವರ. ನಮ್ಮ ಮಾತಿನಲ್ಲಿ ಹೇಳಿದರೆ ಅನಾಗತ ಎಡುಪು, ಅಂದರೆ ತಾಳ ಶುರುವಾದ ಮೇಲೆ ಹಾಡು ಹಿಡಿಯುವುದು. ಬೀಥೋವನ್ ಕೊಟ್ಟ ವೇಗ ನಿಮಿಷಕ್ಕೆ 108 ಬಾರ್. ಅಂದರೆ ಒಂದು ಬಾರ್‌ಗೆ ಅರ್ಧ ಸೆಕೆಂಡ್‌ಗಿಂತ ಒಂಚೂರು ಜಾಸ್ತಿ. ಇಷ್ಟು ವೇಗದಲ್ಲಿ ಬಾರ್‌ಗೆ ಒಂದೇ ಏಟು ಹಾಕಬೇಕು. ನೀವು ಒಂದು ತಯಾರಿ ಏಟು ಕೊಡುತ್ತೀರಿ, ಮುಂದಿನ ಏಟು ಆ ಖಾಲಿ ಜಾಗದ ಮೇಲೆ ಬೀಳುತ್ತದೆ, ಆ ಏಟಿಗೆ ಪುಟಿದ ಹಾಗೆ ಐವತ್ತು ಜನ ಒಳಗೆ ಬರಬೇಕು. ತಯಾರಿ ಏಟಿನಲ್ಲಿ ವೇಗ ಪೂರ್ತಿ ಇರಬೇಕು. ಭಯದಿಂದ 'ಒಂದು, ಎರಡು' ಅಂತ ಎಣಿಸಿ ಕೊಡುವವರಿದ್ದಾರೆ. ಆರ್ಕೆಸ್ಟ್ರಾಗೆ ಅದರಿಂದ ಗೊಂದಲವೇ ಜಾಸ್ತಿ. ಒಂದೇ ಉಸಿರು, ಒಂದೇ ಏಟು. ಕೈಗಿಂತ ಮೊದಲು ಮೂಗಿನಿಂದ ಉಸಿರು ಎಳೆದುಕೊಳ್ಳಿ, ಮುಂದಿನ ಸಾಲಿನವರಿಗೆ ಅದು ಕೇಳಿಸಬೇಕು. ತಂತಿವಾದ್ಯದವರು ಬ್ಯಾಟನ್‌ಗಿಂತ (ಕಂಡಕ್ಟರ್‌ನ ಕೈಯ ಕೋಲು) ಹೆಚ್ಚು ಉಸಿರನ್ನೇ ನಂಬುತ್ತಾರೆ. ನೀವು ಅಲ್ಲೇ ಕೂತು ನುಡಿಸುವವರು, ನಿಮಗೆ ಗೊತ್ತಿರುತ್ತದೆ.

ಮೂರನೆಯದು ಫರ್ಮಾಟಾ. ಸ್ವರದ ಮೇಲಿನ ಆ ಕಮಾನು ಮತ್ತು ಚುಕ್ಕಿ. ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಕಂಡಕ್ಟರ್‌ಗೆ ಬಿಟ್ಟದ್ದು. ಆದರೆ ಪೂರ್ತಿ ಬಿಟ್ಟಿಲ್ಲ. ಮೊದಲ ಸಲ ಉದ್ದ ಸ್ವರ ಒಂದು ಬಾರ್‌ನದು. ಎರಡನೇ ಸಲ ಎರಡು ಬಾರ್ ಸೇರಿಸಿ ಕಟ್ಟಿದ್ದಾನೆ, ಫರ್ಮಾಟಾ ಇರುವುದು ಎರಡನೇ ಬಾರ್ ಮೇಲೆ. ಅಂದರೆ ಎರಡನೆಯದು ಮೊದಲನೆಯದಕ್ಕಿಂತ ಉದ್ದ ಇರಲಿ ಅಂತ ಆತನೇ ಬರೆದಿಟ್ಟಿದ್ದಾನೆ. ಎರಡನ್ನೂ ಒಂದೇ ಉದ್ದ ಹಿಡಿಯುವ ಕಂಡಕ್ಟರ್ ಪುಟ ನೋಡಿಲ್ಲ ಅಂತಲೇ ಅರ್ಥ.

ನಾಲ್ಕನೆಯದು ನಿಮ್ಮದೇ ಗುಂಪಿನ ವಿಷಯ. ಎರಡನೇ ಫರ್ಮಾಟಾ ಮುಗಿದ ಕೂಡಲೇ ಮೊದಲು ಬರುವವರು ಎರಡನೇ ವಯಲಿನ್. ಆಮೇಲೆ ವಿಯೋಲಾ, ಆಮೇಲೆ ಮೊದಲ ವಯಲಿನ್. ಎಲ್ಲ ಮೆಲ್ಲಗೆ. ಈಗಷ್ಟೇ ಜೋರಾಗಿ ಹಿಡಿದ ಸ್ವರವನ್ನು ನಿಮ್ಮ ಕೈ ಕತ್ತರಿಸಬೇಕು. ಅದೇ ಕೈಚಲನೆ ಮುಂದಿನ ಖಾಲಿ ಏಟಿಗೆ ತಯಾರಿಯೂ ಆಗಬೇಕು. ಅಷ್ಟೇ ಸಾಲದು, ಅದು ಚಿಕ್ಕದಾಗಿ ಮೆಲುದನಿಯನ್ನೂ ತೋರಿಸಬೇಕು, ನಿಮ್ಮ ಕಣ್ಣು ಆಗಲೇ ಎರಡನೇ ವಯಲಿನ್ ಕಡೆ ಹೋಗಿರಬೇಕು. ಒಂದು ಮಣಿಕಟ್ಟಿನ ತಿರುವಿನಲ್ಲಿ ನಾಲ್ಕು ಕೆಲಸ. ಜೋರಾದ ಕೈಯಲ್ಲೇ ಕತ್ತರಿಸಿದರೆ ಎರಡನೇ ವಯಲಿನ್‌ನವರು ಜೋರಾಗಿಯೇ ಬರುತ್ತಾರೆ. ಆಮೇಲೆ ನೀವು 'ಮೆಲ್ಲಗೆ, ಮೆಲ್ಲಗೆ' ಅಂತ ಬಾಯಲ್ಲಿ ಹೇಳುತ್ತೀರಿ. ತಪ್ಪು ಅವರದಲ್ಲ.

ಐದು ಬಾರ್‌ಗೆ ಇಷ್ಟು ಇದೆ. ಮೂರು ತಿಂಗಳಲ್ಲಿ ಒಂಬತ್ತು ಸಿಂಫನಿಯನ್ನೂ ಈ ಮಟ್ಟಕ್ಕೆ ಓದಲು ಆಗುವುದಿಲ್ಲ. ನಿಮಗೆ ಯಾವ ಭಾಗ ಕೊಡುತ್ತಾರೆ ಅಂತ ಈಗಲೇ ಬರೆದು ಕೇಳಿ. ಆ ಎರಡು ಮೂರು ಭಾಗಗಳನ್ನು ಹೀಗೆ ಓದಿ. ಉಳಿದದ್ದನ್ನು ಸ್ಕೋರ್ ಹಿಡಿದು ಒಮ್ಮೊಮ್ಮೆ ಪೂರ್ತಿ ದಾಟಿ ಬನ್ನಿ.

ಜೊತೆಗೆ ಇನ್ನೊಂದು ಕೇಳಿ: ಆರ್ಕೆಸ್ಟ್ರಾದವರ ಕೈಯಲ್ಲಿ ಇರುವುದು ಯಾವ ಆವೃತ್ತಿ? ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವುದು ಸಾಮಾನ್ಯವಾಗಿ 19ನೇ ಶತಮಾನದ ಬ್ರೈಟ್‌ಕಾಫ್ ಪ್ರಕಾಶನದ ಹಳೆಯ ಮುದ್ರಣ. 1990ರ ದಶಕದ ಕೊನೆಯಲ್ಲಿ ಜೊನಾಥನ್ ಡೆಲ್ ಮಾರ್ ಸಂಪಾದಿಸಿದ ಬೇರೆನ್‌ರೈಟರ್ ಆವೃತ್ತಿ ಬಂತು. ಈಗ ತುಂಬಾ ಆರ್ಕೆಸ್ಟ್ರಾಗಳು ಅದನ್ನೇ ಬಳಸುತ್ತವೆ. ಸ್ಲರ್ (ಸ್ವರಗಳನ್ನು ಕೂಡಿಸುವ ಕಮಾನು ಗೆರೆ), ಚುಕ್ಕಿ, ಕೆಲವು ಕಡೆ ಸ್ವರಗಳೇ ಬೇರೆ. ನೀವು ಒಂದು ಪುಸ್ತಕದಲ್ಲಿ ಓದಿ, ಅವರು ಇನ್ನೊಂದರಲ್ಲಿ ನುಡಿಸಿದರೆ ನಿಮ್ಮ ಹದಿನೈದು ನಿಮಿಷದಲ್ಲಿ ಐದು ನಿಮಿಷ 'ನಮ್ಮಲ್ಲಿ ಹಾಗಿಲ್ಲ' ಅನ್ನುವುದಕ್ಕೇ ಹೋಗುತ್ತದೆ.

ಓದುವುದು ಹೇಗೆ? ವಿಯೆನ್ನಾದ ಹಾನ್ಸ್ ಸ್ವಾರೊವ್ಸ್ಕಿ ಅನ್ನುವ ಗುರುಗಳ ಹತ್ತಿರ ಕಂಡಕ್ಟರ್‌ಗಳಾದ ಮುಂಬೈಯ ಜುಬಿನ್ ಮೆಹ್ತಾ, ಇಟಲಿಯ ಕ್ಲಾಡಿಯೊ ಅಬ್ಬಾಡೊ ಕಲಿತರು. ಬಾರ್‌ಗಳನ್ನು ಗುಂಪು ಗುಂಪಾಗಿ ಲೆಕ್ಕ ಹಾಕಿ ನೋಡು ಅನ್ನುವುದು ಅವರ ಪಾಠದ ತಿರುಳು. ನಾಲ್ಕು ಬಾರ್‌ಗೆ ಒಂದು ವಾಕ್ಯವಾ, ಮೂರಕ್ಕಾ, ಐದಕ್ಕಾ? ಎಲ್ಲಿ ವಾಕ್ಯ ಮುರಿಯುತ್ತದೆ, ಎಲ್ಲಿ ಒಂದರ ಬಾಲ ಇನ್ನೊಂದರ ತಲೆ ಆಗುತ್ತದೆ? ಇದು ಪುಸ್ತಕದ ಲೆಕ್ಕ ಅಂತ ಅನ್ನಿಸಬಹುದು. ಒಂಬತ್ತನೇ ಸಿಂಫನಿಯ ಎರಡನೇ ಭಾಗ ತೆಗೆದು ನೋಡಿ. ಅಲ್ಲಿ ಬೀಥೋವನ್ನೇ 'ಮೂರು ಬಾರ್‌ನ ಲಯ' ಅಂತ ಇಟಾಲಿಯನ್‌ನಲ್ಲಿ ಬರೆದಿದ್ದಾನೆ. ಮುಂದೆ ಹೋಗಿ 'ನಾಲ್ಕು ಬಾರ್‌ನ ಲಯ' ಅಂತ ಬರೆದಿದ್ದಾನೆ. ಬಾರ್ ಒಂದು ಅಕ್ಷರ, ಬಾರ್‌ಗಳ ಗುಂಪು ಒಂದು ಆವರ್ತ (ತಾಳದ ಒಂದು ಸುತ್ತು) ಅನ್ನುವ ಹಾಗೆ ಆತ ಯೋಚಿಸುತ್ತಿದ್ದ. ಆವರ್ತ ಅನ್ನುವ ಕಲ್ಪನೆ ರಕ್ತದಲ್ಲೇ ಇರುವ ನಿಮಗೆ ಇದು ದೊಡ್ಡ ಅನುಕೂಲ. ಪೆನ್ಸಿಲ್ ತೆಗೆದುಕೊಂಡು ಇಡೀ ಭಾಗಕ್ಕೆ ಗುಂಪು ಹಾಕಿ. ಅನುಮಾನ ಬಂದ ಕಡೆ ಎರಡು ಥರ ಹಾಡಿ ನೋಡಿ.

ಬರೆದಿರುವುದಕ್ಕೂ ತಪ್ಪಿಗೂ ವ್ಯತ್ಯಾಸ ತಿಳಿಯಲು ಕೂಡ ಓದು ಬೇಕು. ಎರೊಯಿಕಾದ ಮೊದಲ ಭಾಗದಲ್ಲಿ ಮೂಲ ರಾಗಕ್ಕೆ ಮರಳುವ ನಾಲ್ಕು ಬಾರ್ ಮೊದಲೇ ಹಾರ್ನ್ ಒಳಗೆ ಬರುತ್ತದೆ. ವಯಲಿನ್‌ಗಳು ಇನ್ನೂ ಬೇರೆ ಸ್ವರಮೇಳದಲ್ಲಿ ನಡುಗುತ್ತಿರುತ್ತವೆ. ರಿಹರ್ಸಲ್‌ನಲ್ಲಿ ಪಕ್ಕದಲ್ಲಿದ್ದ ಶಿಷ್ಯ ಫರ್ಡಿನಂಡ್ ರೀಸ್, ಹಾರ್ನ್‌ನವನು ಎಣಿಕೆ ತಪ್ಪಿದ ಅಂತ ಬೈದನಂತೆ. ಬೀಥೋವನ್‌ನಿಂದ ಕೆನ್ನೆಗೆ ಏಟು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು ಅಂತ ರೀಸ್‌ನೇ ಆಮೇಲೆ ಬರೆದಿದ್ದಾನೆ. ಐದನೆಯದರ ಮೊದಲ ಭಾಗದಲ್ಲೂ ಇಂಥದ್ದೊಂದು ಜಾಗ ಇದೆ. ಎರಡನೇ ರಾಗದ ಕರೆಯನ್ನು ಮೊದಲ ಸಲ ಹಾರ್ನ್‌ಗಳು ಕೂಗುತ್ತವೆ. ಮರಳಿ ಬಂದಾಗ ಅದನ್ನು ಬಸೂನ್‌ಗಳಿಗೆ ಕೊಟ್ಟಿದ್ದಾನೆ. ಆ ಕಾಲದ ಹಾರ್ನ್‌ಗೆ ವಾಲ್ವ್ (ಎಲ್ಲ ಸ್ವರ ನುಡಿಸಲು ಒತ್ತುವ ಕೀಲಿ) ಇರಲಿಲ್ಲ. ಇ ಫ್ಲಾಟ್‌ಗೆ ಕಟ್ಟಿದ ಹಾರ್ನ್‌ನಲ್ಲಿ ಸಿ ಮೇಜರ್‌ನ ಆ ಕರೆ ಸರಿಯಾಗಿ ಬರುತ್ತಿರಲಿಲ್ಲ. ಹಿಂದಿನ ತಲೆಮಾರಿನ ಕಂಡಕ್ಟರ್‌ಗಳು ಇದನ್ನು ತಿದ್ದಿ ಹಾರ್ನ್‌ಗೇ ಕೊಡುತ್ತಿದ್ದರು. ನನ್ನ ಮಟ್ಟಿಗೆ ಬಸೂನ್ ಇರಲಿ. ದನಿ ಸ್ವಲ್ಪ ಒರಟು, ಆ ಒರಟುತನ ಅಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ನೀವು ಒಪ್ಪಬೇಕಾಗಿಲ್ಲ. ಆದರೆ ಗುರುಗಳು ಕೇಳಿದಾಗ ಉತ್ತರ ಇರಬೇಕು.

ಮೆಟ್ರೊನೋಮ್ (ವೇಗ ಅಳೆಯುವ ಯಂತ್ರ) ವಿಷಯ ಕೋರ್ಸ್‌ನಲ್ಲಿ ಬಂದೇ ಬರುತ್ತದೆ. ಮೆಲ್ಜೆಲ್ ಅನ್ನುವವನು ಅದಕ್ಕೆ ಪೇಟೆಂಟ್ ತೆಗೆದುಕೊಂಡದ್ದು 1815ರಲ್ಲಿ. 1817ರಲ್ಲಿ ಬೀಥೋವನ್ ಅಲ್ಲಿಯವರೆಗಿನ ಎಂಟೂ ಸಿಂಫನಿಗಳಿಗೆ ವೇಗದ ಅಂಕಿ ಪ್ರಕಟಿಸಿದ. ಎರೊಯಿಕಾದ ಮೊದಲ ಭಾಗಕ್ಕೆ ನಿಮಿಷಕ್ಕೆ 60 ಬಾರ್, ಅಂದರೆ ಸೆಕೆಂಡ್‌ಗೆ ಒಂದು. ಆ ಭಾಗದಲ್ಲಿ 691 ಬಾರ್ ಇವೆ. ಪುನರಾವರ್ತನೆ ಬಿಟ್ಟರೆ ಹನ್ನೊಂದೂವರೆ ನಿಮಿಷದಲ್ಲಿ ಮುಗಿಯಬೇಕು. ಹಿಂದಿನ ತಲೆಮಾರಿನ ಜರ್ಮನ್ ಕಂಡಕ್ಟರ್ ಫುರ್ಟ್‌ವೆಂಗ್ಲರ್ ಅವರ ರೆಕಾರ್ಡಿಂಗ್‌ಗಳಲ್ಲಿ ಪುನರಾವರ್ತನೆ ಇಲ್ಲದೆಯೇ 15 ನಿಮಿಷ ದಾಟುತ್ತದೆ. ಆ ಯಂತ್ರ ಕೆಟ್ಟಿತ್ತು, ಕಿವುಡನ ಲೆಕ್ಕ ಅದು ಅಂತ ತಳ್ಳಿಹಾಕುವವರು ಹಿಂದೆ ಬಹಳ ಇದ್ದರು. ರೋಜರ್ ನಾರಿಂಗ್ಟನ್, ಜಾನ್ ಎಲಿಯಟ್ ಗಾರ್ಡಿನರ್ ಮುಂತಾದ ಕಂಡಕ್ಟರ್‌ಗಳು ಆ ಕಾಲದ ವಾದ್ಯಗಳಲ್ಲಿ ಆ ಅಂಕಿಗಳ ಹತ್ತಿರ ನುಡಿಸಿ ತೋರಿಸಿದ ಮೇಲೆ ಆ ಮಾತು ಕಮ್ಮಿಯಾಯಿತು. ನೀವು ಅಂಕಿಯನ್ನು ದೇವರ ವಾಕ್ಯ ಮಾಡಬೇಡಿ, ಕಡೆಗಣಿಸಲೂ ಬೇಡಿ. ಆ ವೇಗದಲ್ಲಿ ಒಮ್ಮೆ ಹಾಡಿ ನೋಡಿ. ಆತ ಯಾವ ಥರದ ನಡಿಗೆ ಬಯಸಿದ್ದ ಅನ್ನುವುದು ಮೈಗೆ ಗೊತ್ತಾಗುತ್ತದೆ. ಆಮೇಲೆ ಹಾಲ್, ಆರ್ಕೆಸ್ಟ್ರಾ ನೋಡಿ ಒಂದಿಷ್ಟು ಆಚೀಚೆ ಮಾಡಿಕೊಳ್ಳಬಹುದು.

ಒಂದು ಕಟ್ಟುನಿಟ್ಟಿನ ಸಲಹೆ. ಮೊದಲ ತಿಂಗಳು ರೆಕಾರ್ಡಿಂಗ್ ಹಾಕಬೇಡಿ. ಬೇರೆಯವರ ವೇಗ ಕಿವಿಯಲ್ಲಿ ಕೂತುಬಿಟ್ಟರೆ ನಿಮ್ಮ ಕೈ ಅದನ್ನು ಹಿಂಬಾಲಿಸುತ್ತದೆ, ಆರ್ಕೆಸ್ಟ್ರಾವನ್ನು ನಡೆಸುವುದಿಲ್ಲ.

ಈಗ ನಿಮ್ಮ ತಾಳದ ಪ್ರಶ್ನೆ. ಉಪಯೋಗವೂ ಹೌದು, ಅಡ್ಡಿಯೂ ಹೌದು. ಅಡ್ಡಿ ಮೊದಲು ಹೇಳುತ್ತೇನೆ. ಕಚೇರಿಯಲ್ಲಿ ತಾಳ ಹಾಕುವ ಕೈ ಈಗ ಎಲ್ಲಿದ್ದೇವೆ ಅನ್ನುವುದನ್ನು ಹೇಳುತ್ತದೆ. ಏಟು, ಬೆರಳೆಣಿಕೆ, ಬೀಸು ಎಲ್ಲ ಆ ಕ್ಷಣದ ಲೆಕ್ಕ. ಕಂಡಕ್ಟರ್‌ನ ಕೈ ಮುಂದೆ ಏನು ಬರುತ್ತದೆ ಅನ್ನುವುದನ್ನು ಹೇಳಬೇಕು. ನೀವು ಸ್ವರ ಕೇಳಿದ ಮೇಲೆ ಏಟು ಹಾಕಿದರೆ ಆರ್ಕೆಸ್ಟ್ರಾ ನಿಮಗಾಗಿ ಕಾಯುತ್ತದೆ. ಅವರು ಕಾಯುವುದನ್ನು ನೋಡಿ ನೀವು ಕಾಯುತ್ತೀರಿ. ಎರಡು ನಿಮಿಷದಲ್ಲಿ ವೇಗ ಇಳಿದುಹೋಗಿರುತ್ತದೆ. ತಾಳ ಕಲಿತ ಕೈಗಳಲ್ಲಿ ಈ ತೊಂದರೆಯನ್ನು ನಾನು ಹೆಚ್ಚು ನೋಡಿದ್ದೇನೆ. ಔಷಧ ಸುಲಭ. ಕನ್ನಡಿ ಮುಂದೆ ನಿಂತು ಒಂದು ಕೈಯಲ್ಲಿ ಕಂಡಕ್ಟ್ ಮಾಡುತ್ತಾ ಬಾಯಲ್ಲಿ ಮುಂದಿನ ಬಾರ್‌ನಲ್ಲಿ ಯಾರು ಬರುತ್ತಾರೆ ಅಂತ ಹೇಳಿ. 'ಓಬೊ', 'ಹಾರ್ನ್', 'ಬಾಸ್ ಮೆಲ್ಲಗೆ'. ಬಾಯಿ ಒಂದು ಬಾರ್ ಮುಂದೆ ಇದ್ದರೆ ಕೈಯೂ ಮುಂದಕ್ಕೆ ಹೋಗುತ್ತದೆ.

ಉಪಯೋಗಕ್ಕೆ ಒಂದು ಒಳ್ಳೆಯ ಜಾಗ ತೋರಿಸುತ್ತೇನೆ. ಏಳನೇ ಸಿಂಫನಿಯ ಮೊದಲ ಭಾಗ, ನಿಧಾನದ ಪೀಠಿಕೆ ಮುಗಿದ ಮೇಲಿನ ವಿವಾಚೆ, ಅಂದರೆ ಚುರುಕಿನ ಭಾಗ. ಅದರ ಜೀವವೆಲ್ಲ ಒಂದು ಲಯದ ಮೇಲಿದೆ. ಆರು ಮಾತ್ರೆಯನ್ನು ಮೂರು, ಒಂದು, ಎರಡು ಅಂತ ಹಂಚಿದ ಲಯ. ಸ್ವರಗಳು ಬೀಳುವುದು ಒಂದು, ನಾಲ್ಕು, ಐದನೇ ಮಾತ್ರೆಗಳ ಮೇಲೆ. ಎಷ್ಟು ಒಳ್ಳೆಯ ಆರ್ಕೆಸ್ಟ್ರಾ ಆದರೂ ಕೆಲವು ನಿಮಿಷ ನುಡಿಸಿದ ಮೇಲೆ ಇದು ಸಡಿಲವಾಗುತ್ತದೆ. ನಾಲ್ಕು ಮಾತ್ರೆಯ ಎರಡು, ಒಂದು, ಒಂದು ಆಗಿಬಿಡುತ್ತದೆ. ಮೂರರ ನಡೆಯಾದ ತಿಶ್ರ ಹೋಗಿ ನಾಲ್ಕರ ಚತುರಶ್ರ ಬರುತ್ತದೆ. ಎಲ್ಲಿ ಕೆಡುತ್ತದೆ ಗೊತ್ತಾ? ನಡುವಿನ ಸಣ್ಣ ಸ್ವರ ಎರಡರಲ್ಲೂ ಸರಿಯಾಗಿ ಅರ್ಧಕ್ಕೇ ಬೀಳುತ್ತದೆ, ಅಲ್ಲಿ ತಪ್ಪು ಹಿಡಿಯಲು ಆಗುವುದಿಲ್ಲ. ಕೆಡುವುದು ಮೂರನೇ ಸ್ವರ. ನಡುವಿನದು ಸೋಮಾರಿಯಾಗಿ ಉದ್ದವಾಗುತ್ತದೆ, ಮೂರನೆಯದು ತಡವಾಗಿ ಬಂದು ಮುದುಡಿಕೊಳ್ಳುತ್ತದೆ. ಕಂಡಕ್ಟರ್‌ಗಳು ಇದನ್ನು ನೋಡಿ 'ಇನ್ನೂ ಚುರುಕಾಗಿ' ಅಂತಾರೆ. ಚುರುಕು ಮಾಡಿದರೆ ಇನ್ನೂ ಕೆಡುತ್ತದೆ. ನೀವು ಎರಡು ಥರವೂ ಬಾಯಲ್ಲಿ ಹೇಳಿ ತೋರಿಸಿ, 'ಸಣ್ಣ ಸ್ವರ ಇನ್ನೂ ಗಿಡ್ಡ, ಕೊನೆಯದು ಬೇಗ' ಅನ್ನಿ. ಕೊನ್ನಕೋಲಿನಲ್ಲಿ (ಲಯದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು) ಪಳಗಿದ ನಾಲಿಗೆಗೆ ಇದು ಆಟ. ಆ ಕೋಣೆಯಲ್ಲಿ ಈ ವ್ಯತ್ಯಾಸವನ್ನು ನಿಮ್ಮಷ್ಟು ಬೇಗ ಹಿಡಿಯುವವರು ಹೆಚ್ಚು ಇರುವುದಿಲ್ಲ.

ಕೋರ್ಸ್‌ನ ಮೊದಲ ದಿನಗಳಲ್ಲಿ ಆರ್ಕೆಸ್ಟ್ರಾ ಬದಲು ಎರಡು ಪಿಯಾನೊ ಇರಬಹುದು. ಅದನ್ನು ಕಮ್ಮಿ ಅಂತ ತಿಳಿಯಬೇಡಿ. ಇಬ್ಬರು ಪಿಯಾನೊದವರು ನಿಮ್ಮ ಕೈಯಲ್ಲಿ ಇರುವುದನ್ನೇ ನುಡಿಸುತ್ತಾರೆ. ಕೈಯಲ್ಲಿ ಏನೂ ಇಲ್ಲದಿದ್ದರೆ ಅದೂ ಕೇಳಿಸುತ್ತದೆ. ವೃತ್ತಿಪರ ಆರ್ಕೆಸ್ಟ್ರಾ ಹಾಗಲ್ಲ. ಬೀಥೋವನ್ ಸಿಂಫನಿಗಳು ಅವರಿಗೆ ಬಾಯಿಪಾಠ. ನೀವು ಏನು ಮಾಡಿದರೂ ಕನ್ಸರ್ಟ್‌ಮಾಸ್ಟರ್ (ಮೊದಲ ವಯಲಿನ್‌ಗಳ ಮುಖಂಡ) ಕಡೆ ನೋಡಿಕೊಂಡು ಸೊಗಸಾಗಿ ನುಡಿಸಿಬಿಡುತ್ತಾರೆ. ನಾನೇ ನುಡಿಸಿದೆ ಅನ್ನುವ ಭ್ರಮೆ ನಿಮಗೆ ಬರುತ್ತದೆ. ಬೀಥೋವನ್ ಕೋರ್ಸ್‌ನಲ್ಲಿ ಇರುವ ದೊಡ್ಡ ಅಪಾಯ ಇದೇ.

ಇದಕ್ಕೆ ಮದ್ದು ವಿಡಿಯೊ. ಫಿನ್‌ಲ್ಯಾಂಡ್‌ನ ಯೋರ್ಮಾ ಪಾನುಲಾ ಈ ಪದ್ಧತಿಗೇ ಹೆಸರಾದವರು. ಶಿಷ್ಯರು ಆರ್ಕೆಸ್ಟ್ರಾ ಮುಂದೆ ನಿಲ್ಲುತ್ತಾರೆ, ಗುರು ಹೆಚ್ಚು ಮಾತಾಡುವುದಿಲ್ಲ, ಆಮೇಲೆ ಎಲ್ಲರೂ ಕೂತು ವಿಡಿಯೊ ನೋಡುತ್ತಾರೆ. ಎಸಾ-ಪೆಕ್ಕಾ ಸಾಲೊನೆನ್, ಸಾಕಾರಿ ಒರಾಮೊ ಆ ಕ್ಲಾಸಿನಿಂದ ಬಂದವರು. ನಿಮ್ಮ ವಿಡಿಯೊ ಸಿಕ್ಕಿದಾಗ ಮೊದಲು ದನಿ ಪೂರ್ತಿ ತೆಗೆದು ನೋಡಿ. ಬರೀ ಕೈ ನೋಡಿ ಇದು ಯಾವ ಜಾಗ, ಜೋರಾ ಮೆಲ್ಲಗಾ, ಯಾರು ಬರುತ್ತಿದ್ದಾರೆ ಅಂತ ಗೊತ್ತಾಗುತ್ತದಾ? ಗೊತ್ತಾಗದ ಜಾಗಗಳಲ್ಲೆಲ್ಲ ಆರ್ಕೆಸ್ಟ್ರಾ ನಿಮ್ಮನ್ನು ಹೊತ್ತುಕೊಂಡು ಹೋಗಿದೆ.

ಹಾಗಾದರೆ ಯಾವ ಸೀಟು? ನೀವು ಆಗಲೇ ರಿಹರ್ಸಲ್ ನಡೆಸುತ್ತಿದ್ದೀರಿ, ನುಡಿಸುವವರ ಕಷ್ಟ ಗೊತ್ತಿದೆ. ಪೋಡಿಯಂ ಸೀಟು ತಗೊಳ್ಳಿ. ಆದರೆ ಹಣ ಕಟ್ಟುವ ಮೊದಲು ನಾಲ್ಕು ವಿಷಯ ಬರೆದು ಕೇಳಿ. ಪೂರ್ತಿ ಆರ್ಕೆಸ್ಟ್ರಾ ಜೊತೆ ಒಬ್ಬರಿಗೆ ಒಟ್ಟು ಎಷ್ಟು ನಿಮಿಷ? ಪೋಡಿಯಂ ಹತ್ತುವವರು ಎಷ್ಟು ಜನ? ತಂತಿವಾದ್ಯದವರು ಎಷ್ಟು ಮಂದಿ, ಗಾಳಿವಾದ್ಯ ಎಲ್ಲ ಇವೆಯಾ, ಅಥವಾ ಪಿಯಾನೊದಲ್ಲಿ ತುಂಬುತ್ತಾರಾ? ಪ್ರತಿ ದಿನದ ವಿಡಿಯೊ ಕತ್ತರಿಸದೆ ಕೊಡುತ್ತಾರಾ? ಉತ್ತರ ಜಾರಿಕೊಂಡರೆ ಯೋಚಿಸಿ. ಕೊನೆಯ ಕಛೇರಿಯ ಚಂದದ ಐದು ನಿಮಿಷದ ವಿಡಿಯೊ ಮಾರುವುದಕ್ಕೇ ನಡೆಯುವ ಕೋರ್ಸ್‌ಗಳೂ ಇವೆ. ಅರ್ಜಿಗೆ ಹಾಕಲು ಅದು ಚೆನ್ನ, ಕಲಿಯಲು ಸಾಲದು.

ಉತ್ತರ ತೃಪ್ತಿಯಾಗದಿದ್ದರೂ ಗುರುಗಳು ದೊಡ್ಡವರಾದರೆ ಕೂತು ನೋಡುವ ಸೀಟು ಒಳ್ಳೆಯದೇ. ಮೆಹ್ತಾ, ಅಬ್ಬಾಡೊ ಇಬ್ಬರೂ ವಿದ್ಯಾರ್ಥಿಗಳಾಗಿದ್ದಾಗ ವಿಯೆನ್ನಾದ ಸಿಂಗ್‌ಫೆರೈನ್ ಕೋರಸ್ ಸೇರಿ ಹಾಡಿದರು. ದೊಡ್ಡ ಕಂಡಕ್ಟರ್‌ಗಳ ರಿಹರ್ಸಲ್ ಒಳಗಿನಿಂದ ನೋಡಲು ಅವರಿಗೆ ಸಿಕ್ಕಿದ ದಾರಿ ಅದು. ನೀವೂ ಕೇಳಿ ನೋಡಿ, ಕೋರ್ಸ್‌ನ ಆರ್ಕೆಸ್ಟ್ರಾದಲ್ಲಿ ಎರಡನೇ ವಯಲಿನ್‌ಗೆ ಜಾಗ ಇದ್ದರೆ ಕೂತು ನುಡಿಸಬಹುದಾ ಅಂತ. ಹತ್ತು ಜನರ ಕೈ ಕೆಳಗೆ ಅದೇ ಭಾಗ ನುಡಿಸಿದರೆ ಯಾವ ಕೈ ಕೆಲಸ ಮಾಡುತ್ತದೆ ಅನ್ನುವುದು ನಿಮ್ಮ ಬಲಗೈಗೇ ಗೊತ್ತಾಗುತ್ತದೆ.

ರಿಹರ್ಸಲ್‌ನಲ್ಲಿ ಮಾತು ಕಮ್ಮಿ ಇರಲಿ. ಮೊದಲು ಯಾರಿಗೆ, ಆಮೇಲೆ ಎಲ್ಲಿ, ಆಮೇಲೆ ಏನು. 'ವಿಯೋಲಾ, ಬಾರ್ ಇಪ್ಪತ್ತೆರಡು, ಗಿಡ್ಡಕ್ಕೆ.' ಅಷ್ಟು ಸಾಕು. ಬೀಥೋವನ್ ನೋವು, ವಿಧಿ, ನೆಪೋಲಿಯನ್ ಅಂತ ಭಾಷಣ ಶುರು ಮಾಡಿದರೆ ಹಿಂದಿನ ಸಾಲಿನವರು ಫೋನ್ ತೆಗೆಯುತ್ತಾರೆ. ದೊಡ್ಡ ದೊಡ್ಡ ಕೈಚಲನೆಯೂ ಬೇಡ. ಲೂಯಿಸ್ ಶ್ಪೋರ್ ಅನ್ನುವ ಪಿಟೀಲುಗಾರ 1813ರ ಡಿಸೆಂಬರ್‌ನಲ್ಲಿ ಏಳನೆಯದು ಮೊದಲ ಸಲ ನುಡಿದಾಗ ಆರ್ಕೆಸ್ಟ್ರಾದಲ್ಲೇ ಇದ್ದ. ಮೆಲುದನಿ ಬಂದಾಗ ಬೀಥೋವನ್ ಸ್ಟ್ಯಾಂಡ್ ಕೆಳಗೆ ಬಗ್ಗಿಬಿಡುತ್ತಿದ್ದ, ಜೋರು ಬಂದಾಗ ಮೇಲಕ್ಕೆ ಜಿಗಿಯುತ್ತಿದ್ದ ಅಂತ ಬರೆದಿದ್ದಾನೆ. ಕಿವಿ ಕೇಳಿಸದೆ ಕೆಲವು ಕಡೆ ಆರ್ಕೆಸ್ಟ್ರಾ ಒಂದು ಜಾಗದಲ್ಲಿ, ಆತ ಇನ್ನೊಂದು ಜಾಗದಲ್ಲಿ ಇದ್ದರಂತೆ. ಸಂಗೀತ ಆತನದು, ಜಿಗಿತ ನಾವು ಕಲಿಯಬೇಕಾದ್ದಲ್ಲ.

ನಿಮ್ಮ ಪತ್ರದಲ್ಲಿ ಕೇಳದೆ ಬಿಟ್ಟ ಒಂದು ಪ್ರಶ್ನೆ ನನಗೆ ಕಾಣಿಸಿತು. ಕರ್ನಾಟಕ ಸಂಗೀತದ ಮನೆಯಿಂದ ಬಂದವನಿಗೆ ಅಲ್ಲಿ ಏನು ಕೆಲಸ ಅನ್ನುವ ಅಳುಕು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಆ ಆರ್ಕೆಸ್ಟ್ರಾ ಕಷ್ಟದಲ್ಲಿದ್ದಾಗ ಅವರು ಹಣ ಕೊಟ್ಟರು. 1950ರ ದಶಕದಲ್ಲಿ ಅದೇ ಆರ್ಕೆಸ್ಟ್ರಾ ಕಂಡಕ್ಟರ್ ಕರಾಯನ್ ಜೊತೆ ಬೀಥೋವನ್‌ನ ಒಂಬತ್ತೂ ಸಿಂಫನಿ ರೆಕಾರ್ಡ್ ಮಾಡಿತು. ಒಡೆಯರ್ ತಾವು ಕೃತಿ ರಚಿಸಿದ್ದು ಕರ್ನಾಟಕ ಪದ್ಧತಿಯಲ್ಲಿ. ಎರಡೂ ಕಿವಿಗೂ ಅವರ ಮನೆಯಲ್ಲಿ ಜಾಗ ಇತ್ತು. ನೀವು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಮೊದಲ ದಿನಕ್ಕೆ ಭಾಗ ಆರಿಸಿಕೊಳ್ಳಲು ಬಿಟ್ಟರೆ ಐದನೆಯದರ ಮೊದಲ ಭಾಗ ಕೇಳಬೇಡಿ. ಅಷ್ಟೊತ್ತಿಗೆ ನಾಲ್ಕು ಜನ ಕೇಳಿರುತ್ತಾರೆ. ಏಳನೆಯದರ ಎರಡನೇ ಭಾಗ, ಅಲೆಗ್ರೆಟ್ಟೊ ಕೇಳಿ. ಗಾಳಿವಾದ್ಯಗಳ ಒಂದು ಸ್ವರಮೇಳ ಜೋರಾಗಿ ಶುರುವಾಗಿ ಇಳಿಯುತ್ತದೆ. ಆಮೇಲೆ ವಿಯೋಲಾ, ಚೆಲ್ಲೊ, ಬಾಸ್ 24 ಬಾರ್ ನುಡಿಸುತ್ತವೆ. ನಂತರ ಅದೇ ರಾಗ ಎರಡನೇ ವಯಲಿನ್‌ಗೆ ಬರುತ್ತದೆ, ಕೊನೆಗೆ ಮೊದಲ ವಯಲಿನ್‌ಗೆ. ನಿಮಿಷಕ್ಕೆ 76 ಕ್ವಾರ್ಟರ್, ಇದು ಶವಯಾತ್ರೆ ಅಲ್ಲ, ಎಳೆಯಬೇಡಿ. ಎರಡನೇ ವಯಲಿನ್ ಒಳಗೆ ಬರುವಾಗ ಎಲ್ಲರೂ ಅವರ ಕಡೆ ತಿರುಗಿ ಕೈ ಮಾಡುತ್ತಾರೆ. ಅವರಿಗೆ ರಾಗ ಗೊತ್ತು, ಒಂದು ನೋಟ ಸಾಕು. ಆ ಹೊತ್ತಿಗೆ ಹೊಸದಾಗಿ ಹುಟ್ಟುವುದು ವಿಯೋಲಾ ಮತ್ತು ಚೆಲ್ಲೊಗಳಲ್ಲಿ ಬರುವ ಎರಡನೇ ರಾಗ, ನಿಮ್ಮ ಎಡಗೈ ಅಲ್ಲಿರಲಿ. ಇದನ್ನು ಈ ವಾರವೇ ಹಾಡಲು ಶುರು ಮಾಡಿ, ಮೊದಲು ಮೇಲಿನ ರಾಗ, ಆಮೇಲೆ ಕೆಳಗಿನದು, ಆಮೇಲೆ ಒಂದನ್ನು ಹಾಡುತ್ತಾ ಇನ್ನೊಂದನ್ನು ಪಿಟೀಲಿನಲ್ಲಿ.